ಕನ್ನಡದ ಬಟನ್ ಎಲ್ಲಿ ಹೋಯಿತು?

ಅಹಮದಾಬಾದಿನ ಮಣಿನಗರದಲ್ಲಿ, ನಮ್ಮ ಸೊಸೈಟಿಯ ಕೊನೆಯ ಬ್ಲಾಕಿನಲ್ಲಿ, ಧಾರವಾಡ ಕಡೆಯ ಹಿರಿಯರೊಬ್ಬರಿದ್ದಾರೆ. ಕನ್ನಡದವರಿಗೂ ಅವರು ಕಾಕಾ, ಗುಜರಾತಿಗಳಿಗೂ ಕಾಕಾ. ವಯಸ್ಸು ಎಪ್ಪತ್ತಾರು. ಮೂರು ವರ್ಷಗಳಿಂದ ಅವರದು ಒಂದೇ ಕೆಲಸ: ತಾಯಿ ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನು ನೆನಪಿನಿಂದ ತೆಗೆದು ಕಂಪ್ಯೂಟರಿಗೆ ಇಳಿಸುವುದು. ಅಕ್ಕತಂಗಿಯರಲ್ಲಿ ಆ ಹಾಡು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ಉಳಿದದ್ದು ಇವರ ತಲೆಯಲ್ಲಿ ಮಾತ್ರ. ನೂರಾ ನಲವತ್ತನೆಯ ಹಾಡಿನ ಹೊತ್ತಿಗೆ, ಒಂದು ಮಳೆಗಾಲದಲ್ಲಿ, ಹಳೆಯ ಡೆಸ್ಕ್‌ಟಾಪ್ ಕೆಟ್ಟು ನಿಂತಿತು. ಪುಣೆಯಲ್ಲಿರುವ ಮಗಳು ಹೊಸ ಲ್ಯಾಪ್‌ಟಾಪ್ ಕೊಡಿಸಿದಳು.

ಎರಡನೆಯ ದಿನ ಕಾಕಾ ಅದನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಮನೆಗೆ ಬಂದರು. “ತಮ್ಮಾ, ಇದರಾಗ ಕನ್ನಡದ ಬಟನ್ ಎಲ್ಲೈತಿ?”

ಕನ್ನಡದ ಬಟನ್ ಎಂದರೆ ಸ್ಕ್ರಾಲ್ ಲಾಕ್. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷು. ಆ ಕೀಲಿಗೆ ಆ ಹೆಸರು ಯಾಕೆ ಬಂತೆಂದು ಕಾಕಾ ಎಂದೂ ಕೇಳಿದವರಲ್ಲ. ಇಪ್ಪತ್ತು ವರ್ಷ ಅವರ ಪಾಲಿಗೆ ಅದು ಕನ್ನಡದ ಬಟನ್ನೇ ಆಗಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಲ್ಯಾಪ್‌ಟಾಪ್ ಕೊಂಡ ಅಂಗಡಿಗೆ ಹೋಗಿ ಕೇಳಿದರೆ ಹುಡುಗ ನಕ್ಕು ಹೇಳಿದನಂತೆ: “ಕಾಕಾ, ಏ ಬಟನ್ ಹವೆ ಕೋಯಿ ವಾಪರತುಂ ನಥೀ.” ಆ ಬಟನ್ ಈಗ ಯಾರೂ ಬಳಸುವುದಿಲ್ಲ.

“ಯಾರೂ ವಾಪರಸೂದಿಲ್ಲಂತ,” ಎಂದರು ಕಾಕಾ. “ಹಂಗಾದ್ರ ನಾ ಯಾರು?”

ಈ ಬರಹ ಆ ಪ್ರಶ್ನೆಯ ಪರವಾಗಿ.

ಬಳಕೆ ತಪ್ಪಿದ ಯಂತ್ರಗಳಿಗಾಗಿ ಹುಟ್ಟಿದ ಕೀಲಿಗಳನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಬೇಕೇ, ಕಿತ್ತುಹಾಕಬೇಕೇ ಎಂಬುದು ಕಂಪ್ಯೂಟರ್ ಬಲ್ಲವರ ನಡುವಿನ ಹಳೆಯ ಜಗಳ. ಆ ಜಗಳದಲ್ಲಿ ನನ್ನ ಪಕ್ಷ ಇದು: ಕೀಲಿ ಯಾವ ಕೆಲಸಕ್ಕೆ ಹುಟ್ಟಿತು ಎಂಬುದರ ಮೇಲೆ ತೀರ್ಪು ಕೊಡಬೇಡಿ, ಇವತ್ತು ಅದರ ಮೇಲೆ ಯಾರ ಬೆರಳಿದೆ ಎಂದು ನೋಡಿ. ಹಾಗೆ ನೋಡದೆ ಕಿತ್ತರೆ ಮೊದಲು ಪೆಟ್ಟು ತಿನ್ನುವವರು ಕಂಪನಿಗಳ ಲೆಕ್ಕದಲ್ಲೇ ಇಲ್ಲದ ಜನ. ಕನ್ನಡ ಟೈಪ್ ಮಾಡುವವರು ಆ ಲೆಕ್ಕದಲ್ಲಿಲ್ಲ.

ಎದುರಾಳಿಯ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಕೀಲಿಮಣೆಯ ಬಲ ಮೇಲ್ತುದಿ ನಿಜಕ್ಕೂ ಒಂದು ಹಳೇ ಸಾಮಾನಿನ ಅಟ್ಟ. ಸ್ಕ್ರಾಲ್ ಲಾಕ್ 1981ರ ಐಬಿಎಂ ಪಿಸಿಯಲ್ಲಿಯೇ ಇತ್ತು. ಆಗ ಮೌಸ್ ಇರಲಿಲ್ಲ. ಬಾಣದ ಕೀಲಿಗಳು ಒಮ್ಮೆ ಕರ್ಸರನ್ನು ಸರಿಸಬೇಕು, ಒಮ್ಮೆ ಇಡೀ ಪರದೆಯ ಬರಹವನ್ನೇ ಮೇಲೆ ಕೆಳಗೆ ಉರುಳಿಸಬೇಕು. ಯಾವುದು ಯಾವಾಗ ಎಂದು ಹೇಳಲಿಕ್ಕೆ ಸ್ಕ್ರಾಲ್ ಲಾಕ್. ಇವತ್ತು ಆ ಕೆಲಸವನ್ನು ನೆನಪಿಟ್ಟುಕೊಂಡಿರುವ ಪ್ರಮುಖ ತಂತ್ರಾಂಶವೆಂದರೆ ಎಕ್ಸೆಲ್. ಅದರಲ್ಲಿ ತಪ್ಪಿ ಈ ಕೀಲಿ ಒತ್ತಿ, ಬಾಣದ ಕೀಲಿಗಳು ಕೆಟ್ಟವೆಂದು ಗಾಬರಿಯಾದವರೇ ಹೆಚ್ಚು.

ಅದರ ಪಕ್ಕದ ಬ್ರೇಕ್ ಇನ್ನೂ ಹಳೆಯದು. ತಂತಿ ಕಳಿಸುವ ಕಾಲದಲ್ಲಿ ವಿದ್ಯುತ್ತಿನ ಸರ್ಕಿಟ್ಟನ್ನೇ ಕಡಿದು ಆ ಕಡೆಯವರನ್ನು ತಡೆಯುತ್ತಿದ್ದ ಪದ್ಧತಿಯಿಂದ ಬಂದ ಹೆಸರು ಅದು. ಸಿಸ್ಟಂ ರಿಕ್ವೆಸ್ಟ್ ಎಂಬ ಕೀಲಿ 1984ರ ಪಿಸಿ ಎಟಿಯಲ್ಲಿ ಬಂತು. ಯಾವ ಪ್ರೋಗ್ರಾಂ ಓಡುತ್ತಿದ್ದರೂ ಅದರ ತಲೆಯ ಮೇಲಿಂದ ನೇರವಾಗಿ ವ್ಯವಸ್ಥೆಯನ್ನು ಕರೆಯುವ ಕೀಲಿಯಾಗಬೇಕಿತ್ತು ಅದು. ಸಾಮಾನ್ಯರು ಅದನ್ನು ಮುಟ್ಟಲೇ ಇಲ್ಲ. ಇನ್ಸರ್ಟ್ ಒತ್ತಿದರೆ ಹೊಸ ಅಕ್ಷರ ಹಳೆಯ ಅಕ್ಷರವನ್ನು ನುಂಗುತ್ತದೆ. ಬೇಕೆಂದು ಒತ್ತುವವರಿಗಿಂತ ತಪ್ಪಿ ಒತ್ತಿ ಬೈದುಕೊಂಡವರು ಹೆಚ್ಚು.

ಇಷ್ಟನ್ನೇ ನೋಡಿದರೆ ಕಂಪನಿಯವರು ಹೇಳುವುದು ಸರಿ. ಹದಿಮೂರು, ಹದಿನಾಲ್ಕು ಇಂಚಿನ ಪರದೆಯ ಕೆಳಗೆ ಸಿಗುವ ಜಾಗ ಒಂದು ಮೊಳವೂ ಅಲ್ಲ. ಅದರಲ್ಲಿ ಸತ್ತ ಕೀಲಿಗಳಿಗೆ ಸಮಾಧಿ ಕಟ್ಟುವುದು ಯಾಕೆ?

ಆದರೆ ಸತ್ತಿವೆ ಎಂದು ಘೋಷಿಸಿದವರು ನಾಡಿ ಹಿಡಿದು ನೋಡಿದರೇ?

ಮಣಿನಗರದಿಂದ ಹೊರಟು ಪೂರ್ವ ಅಹಮದಾಬಾದಿನಲ್ಲಿ ಒಂದು ಸುತ್ತು ಹಾಕಿದರೆ ಈ ವಿಷಯ ಕಣ್ಣಿಗೇ ಕಾಣುತ್ತದೆ. ಇಲ್ಲಿನ ಬಟ್ಟೆ ಗಿರಣಿಗಳಲ್ಲಿ ಹೆಚ್ಚಿನವು 1980ರ ದಶಕದಿಂದಾಚೆಗೆ ಸಾಲಾಗಿ ಮುಚ್ಚಿದವು. ಗಿರಣಿಯ ಕೆಲಸಗಾರರಿಗೆಂದು ಕಟ್ಟಿದ್ದ ಚಾಳುಗಳು, ಇಲ್ಲಿಯವರ ಬಾಯಲ್ಲಿ ‘ಚಾಲಿ’, ಹಾಗೇ ಉಳಿದವು. ಈಗ ಅವುಗಳಲ್ಲಿ ಹೊಲಿಗೆಯವರಿದ್ದಾರೆ, ರಿಕ್ಷಾ ಓಡಿಸುವವರಿದ್ದಾರೆ, ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಗಿರಣಿ ಮುಚ್ಚಿತು, ಆದ್ದರಿಂದ ಚಾಳು ಖಾಲಿ ಎಂದು ಯಾರಾದರೂ ಜೆಸಿಬಿ ತಂದರೆ ನಾವು ಏನನ್ನುತ್ತೇವೆ? ಸ್ಕ್ರಾಲ್ ಲಾಕಿನ ವಿಷಯದಲ್ಲಿ ಆದದ್ದು ಅದೇ. ಗಿರಣಿ ಎಂದೋ ನಿಂತುಹೋಗಿತ್ತು. ಮನೆಯೊಳಗೆ ನಾವಿದ್ದೆವು.

ನಾವು ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನೂ ಹೇಳಬೇಕು. ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಯಾರೂ ಮನೆ ಕಟ್ಟಿಕೊಡಲಿಲ್ಲ. ಕೀಲಿಮಣೆ ಇಂಗ್ಲಿಷಿನದು, ಅದರ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲಿ ನಮ್ಮ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಹಿಡಿಸಬೇಕು. ಕೆ.ಪಿ. ರಾವ್ ಅದನ್ನು ಹಿಡಿಸಿ ತೋರಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ನಡುವೆ ‘ಎಫ್’ ಹಾಕಿದರೆ ಒತ್ತು. ಉಚ್ಚಾರಣೆಯನ್ನು ಹಿಂಬಾಲಿಸುವ ಈ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ಅದನ್ನೇ ಆಧರಿಸಿ ‘ನುಡಿ’ಯನ್ನು ರೂಪಿಸಿತು, ಅದು ಉಚಿತವಾಗಿ ಊರೂರಿಗೆ ಹೋಯಿತು. ತಾಲೂಕು ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಕಾಕಾನಂಥವರ ಮನೆಗಳಲ್ಲಿ ಲಕ್ಷಗಟ್ಟಲೆ ಪುಟ ಹೀಗೆ ಕನ್ನಡವಾದವು.

ಇಷ್ಟೆಲ್ಲ ಆದ ಮೇಲೂ ಒಂದು ಬಾಗಿಲು ಬೇಕಿತ್ತು. ಅದೇ ‘ಕೆ’ ಕೀಲಿ ಒಮ್ಮೆ ಇಂಗ್ಲಿಷಿನದು, ಒಮ್ಮೆ ಕನ್ನಡದ್ದು ಆಗಬೇಕಾದರೆ ಆಚೆ ಈಚೆ ಹೋಗುವ ದಾರಿ ಒಂದು ಬೇಕಲ್ಲ? ಎಲ್ಲ ಕೀಲಿಗಳಿಗೂ ಒಡೆಯರಿದ್ದರು. ಖಾಲಿ ಇದ್ದದ್ದು ಸ್ಕ್ರಾಲ್ ಲಾಕ್. ಕನ್ನಡ ಅಲ್ಲಿ ಹೋಗಿ ಕೂತಿತು. ಆ ಆಯ್ಕೆಯಲ್ಲಿ ಜಾಣತನವೂ ಇತ್ತು: ಒಂದೇ ಬೆರಳು, ಒಂದೇ ಒತ್ತು, ಜೊತೆಗೆ ಆ ಕೀಲಿಗೆಂದೇ ಮೇಲೊಂದು ಪುಟ್ಟ ಹಸಿರು ದೀಪ. ದೀಪ ಹತ್ತಿದ್ದರೆ ಕನ್ನಡ. ಪರದೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳನ್ನು ಹುಡುಕಬೇಕಾಗಿಲ್ಲ. ಕಣ್ಣು ಮಂಜಾದವರಿಗೂ ದೀಪ ಕಾಣುತ್ತದೆ.

ಒಳ್ಳೆಯ ಮನೆಯೇ ಸಿಕ್ಕಿತ್ತು. ಬಾಡಿಗೆ ಕರಾರು ಮಾತ್ರ ಇರಲಿಲ್ಲ.

ಈಗ ನನ್ನ ಸಿಟ್ಟಿನ ಮೊದಲ ಕಾರಣಕ್ಕೆ ಬರುತ್ತೇನೆ. ಯಾವುದು ಹಳತು, ಯಾವುದು ಇವತ್ತಿನದು ಎಂದು ನಿರ್ಧರಿಸುವ ತಕ್ಕಡಿ ಯಾರ ಕೈಯಲ್ಲಿದೆ? ಲ್ಯಾಪ್‌ಟಾಪಿನ ಎಡಗಡೆ ನೋಡಿ. ‘ಎ’ ಕೀಲಿಯ ಪಕ್ಕದಲ್ಲಿ, ಕಿರುಬೆರಳಿಗೆ ಎಟಕುವಂತೆ, ಎರಡು ಕೀಲಿಯಷ್ಟು ಅಗಲಕ್ಕೆ ಕಾಲು ಚಾಚಿ ಕೂತಿದೆ ಕ್ಯಾಪ್ಸ್ ಲಾಕ್. ಅದು ಬಂದದ್ದು ಬೆರಳಚ್ಚು ಯಂತ್ರದಿಂದ. ಅಲ್ಲಿ ಶಿಫ್ಟ್ ಒತ್ತಿದರೆ ಒಳಗಿನ ಲೋಹದ ಭಾಗವೇ ಏಳಬೇಕು ಅಥವಾ ಇಳಿಯಬೇಕು. ಕಿರುಬೆರಳಿಂದ ಆ ಭಾರ ಹಿಡಿದುಕೊಂಡಿರಲು ಆಗದೆ ಅದಕ್ಕೊಂದು ಚಿಲಕ ಹಾಕಿದರು. ಆ ಭಾರ ಇವತ್ತಿಲ್ಲ. ಬಳಕೆ ತಪ್ಪಿದ ಯಂತ್ರದ ಕೀಲಿ ಎಂದು ಯಾವುದನ್ನಾದರೂ ಕರೆಯಬೇಕಾದರೆ ಇದನ್ನು ಕರೆಯಬೇಕು.

ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ಗುಜರಾತಿಯಲ್ಲಿಲ್ಲ, ಹಿಂದಿ ಮರಾಠಿಗಳಲ್ಲಿಲ್ಲ, ತಮಿಳು ತೆಲುಗು ಮಲಯಾಳಗಳಲ್ಲಿ ಇಲ್ಲ. ಈ ದೇಶದ ಬಹುಪಾಲು ಜನರ ಲಿಪಿಗೆ ಕ್ಯಾಪ್ಸ್ ಲಾಕ್‌ನಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೂ ಅದಕ್ಕೆ ಮಹಾರಾಜನ ಗದ್ದುಗೆ. ಅದನ್ನು ತೆಗೆಯುವ ಧೈರ್ಯವನ್ನು ಗೂಗಲ್ 2010ರ ಕೊನೆಗೆ ಹೊರಬಿಟ್ಟ ಮೊದಲ ಕ್ರೋಮ್‌ಬುಕ್ ಮಾದರಿಯಲ್ಲಿ ತೋರಿಸಿತು. ಅಲ್ಲಿ ಹುಡುಕಾಟದ ಕೀಲಿ ಕೂರಿಸಿತು. ಉಳಿದವರು ಅದರ ಹಿಂದೆ ಹೋಗಲಿಲ್ಲ, ಗದ್ದುಗೆ ಅಲುಗಲಿಲ್ಲ. ಇತ್ತ ಮೂಲೆಯಲ್ಲಿ ಮುದುರಿ ಕೂತು ದಿನವೂ ಕನ್ನಡಕ್ಕೆ ಬಾಗಿಲು ತೆಗೆಯುತ್ತಿದ್ದ ಸ್ಕ್ರಾಲ್ ಲಾಕ್ ಹಳತಾಯಿತು, ಹೋಯಿತು. ‘ಹಳತು’ ಎಂಬ ಮಾತಿನ ಅರ್ಥ ಇಷ್ಟೇ: ಇಂಗ್ಲಿಷಿನವರಿಗೆ ಬೇಡವಾದದ್ದು.

ಇದು ಭಾಷೆಯ ಅಭಿಮಾನದ ಗೊಣಗಾಟ ಎಂದು ತಳ್ಳಿಹಾಕುವವರಿಗೆ ಮಣಿನಗರದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಅಂಗಡಿ ಸಾಲುಗಳ ಮೇಲಂತಸ್ತಿನಲ್ಲಿ ಲೆಕ್ಕ ಬರೆಯುವವರ ಕೋಣೆಗಳಿವೆ. ಕೆಂಪು ಬಟ್ಟೆಯ ಚೋಪಡಿಗಳ ಕಾಲ ಹೋಗಿ ಈಗ ಅಲ್ಲೆಲ್ಲ ಟ್ಯಾಲಿ. ಗುಜರಾತಿನ ವ್ಯಾಪಾರಿಗಳ ಜಮಾಖರ್ಚು ಕೂತಿರುವ ಈ ತಂತ್ರಾಂಶ ಬೆಂಗಳೂರಿನ ಕಂಪನಿಯದು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ್ದು. ಟ್ಯಾಲಿ ಗೊತ್ತಿದ್ದವರ ಬೆರಳು ಮೌಸನ್ನು ಮುಟ್ಟುವುದೇ ಅಪರೂಪ. ಎಫ್5 ಪಾವತಿ, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಪಿಯಾನೋ ನುಡಿಸಿದ ಹಾಗೆ ಹೊಡೆಯುತ್ತಾರೆ.

ಈ ಎಫ್ ಕೀಲಿಗಳೂ ದೊಡ್ಡ ಯಂತ್ರಗಳಿಗೆ ಜೋಡಿಸಿದ ಹಳೆಯ ಟರ್ಮಿನಲ್‌ಗಳ ಕಾಲದಿಂದ ಬಂದವೇ. ‘ಇವನ್ನು ಈಗ ಯಾರು ಒತ್ತುತ್ತಾರೆ’ ಎಂದುಕೊಂಡು ಲ್ಯಾಪ್‌ಟಾಪ್ ಮಾಡುವವರು ಆ ಸಾಲನ್ನು ಶಬ್ದ ಹೆಚ್ಚು ಕಡಿಮೆ ಮಾಡಲು, ಬೆಳಕು ಹೆಚ್ಚು ಕಡಿಮೆ ಮಾಡಲು ಕೊಟ್ಟುಬಿಟ್ಟರು. ಈಗ ಎಫ್8 ಬೇಕಾದರೆ ಮೊದಲು ಎಫ್‌ಎನ್ ಎಂಬ ಕೀಲಿಯ ಅಪ್ಪಣೆ ಪಡೆಯಬೇಕು. ಹೊಸ ಲ್ಯಾಪ್‌ಟಾಪ್ ಬಂದ ದಿನ ಲೆಕ್ಕದ ಕೋಣೆಯಲ್ಲಿ ಮಾರಾಟದ ಚೀಟಿ ತೆರೆಯುವ ಬದಲು ಸ್ಪೀಕರಿನ ಬಾಯಿ ಮುಚ್ಚುತ್ತದೆ. ಇದನ್ನು ಬದಲಿಸುವ ಆಯ್ಕೆ ಸೆಟ್ಟಿಂಗಿನ ಒಳಗೆಲ್ಲೋ ಇರುತ್ತದೆ, ನಿಜ. ಅದು ಒಳಗೆಲ್ಲೋ ಯಾಕಿದೆ ಎಂಬುದೇ ನನ್ನ ತಕರಾರು. ದಿನಕ್ಕೆ ಮುನ್ನೂರು ಸಲ ಒತ್ತುವವನು ಹುಡುಕಬೇಕು, ದಿನಕ್ಕೆರಡು ಸಲ ಶಬ್ದ ಏರಿಸುವವನಿಗೆ ನೇರ ಬಾಗಿಲು.

ಇನ್ನು ಎದುರಾಳಿಯ ಗಟ್ಟಿ ವಾದಗಳು. ಮೊದಲನೆಯದು: ‘ಕೀಲಿ ಹೋಗಿಲ್ಲ, ಎಫ್‌ಎನ್ ಜೊತೆ ಅಡಗಿದೆ.’ ಹೌದು, ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಹಿಡಿದು ‘ಕೆ’ ಒತ್ತಿದರೆ ಸ್ಕ್ರಾಲ್ ಲಾಕ್, ಕೆಲವದರಲ್ಲಿ ‘ಸಿ’ ಒತ್ತಿದರೆ. ಇನ್ನು ಕೆಲವದರಲ್ಲಿ ಎಲ್ಲೂ ಇಲ್ಲ. ಇದ್ದರೂ ಕೀಲಿಯ ಮೇಲೆ ಹೆಸರು ಬರೆದಿರುವುದಿಲ್ಲ. ಕಾಕಾನ ಯಂತ್ರದಲ್ಲಿ ಅದು ಸಿಗದೆ ನಾವು ಮಾಡಿದ್ದೇನು ಗೊತ್ತೇ? ವಿಂಡೋಸಿನೊಳಗಿನ ಪರದೆಯ ಕೀಲಿಮಣೆ ತೆರೆದೆವು. ಅದರಲ್ಲಿ ಸ್ಕ್ರಾಲ್ ಲಾಕಿನ ಚಿತ್ರ ಈಗಲೂ ಇದೆ! ಕೀಲಿಯ ಫೋಟೋಗೆ ಹಾರ ಹಾಕಿ ಗೋಡೆಗೆ ತೂಗುಹಾಕಿದಂತೆ. ಕನ್ನಡ ಬೇಕಾದಾಗಲೆಲ್ಲ ಮೌಸು ಹಿಡಿದು ಆ ಫೋಟೋದ ಮೇಲೆ ಒತ್ತಬೇಕು. ಎರಡು ದಿನ ಹೀಗೆ ಮಾಡಿ ಕಾಕಾ ಕೈಬಿಟ್ಟರು. “ಹಾಡಿನ ಮುಂದಿನ ಸಾಲು ಮರೀತೈತಿ,” ಎಂದರು.

ಎರಡನೆಯದು: ‘ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದಲ್ಲ?’ ಆಗುತ್ತದೆ. ಕನ್ನಡದ ಯೂನಿಕೋಡ್ ಕೀಲಿಮಣೆಗಳು ವಿಂಡೋಸಿನಲ್ಲೇ ಬರುತ್ತವೆ ಎಂಬುದೂ ಸರಿ, ಒಳ್ಳೆಯದೂ ಹೌದು. ಆದರೆ ಅದು ಬಾಗಿಲಲ್ಲ, ಗಿರಗಟ್ಟಲೆ. ಅಹಮದಾಬಾದಿನ ಕನ್ನಡಿಗನ ಯಂತ್ರದಲ್ಲಿ ಇಂಗ್ಲಿಷ್, ಹಿಂದಿ, ಗುಜರಾತಿ, ಕನ್ನಡ ನಾಲ್ಕೂ ಇರುತ್ತವೆ. ತಿರುಗಿಸಿ ತಿರುಗಿಸಿ ಎಲ್ಲಿ ನಿಂತಿತು ಎಂದು ಪ್ರತಿ ಸಲ ಮೂಲೆ ನೋಡಬೇಕು. ಬೆರಳು ತಾನಾಗಿ ಮಾಡುವ ಕೆಲಸಕ್ಕೂ ಕಣ್ಣು ಕಾವಲಿದ್ದು ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ. ಬರೆಯುವವರಿಗೆ ಅದು ಗೊತ್ತು.

ಮೂರನೆಯದು ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು: ‘ತಪ್ಪು ಲ್ಯಾಪ್‌ಟಾಪಿನದಲ್ಲ, ಬೇಡದ ಕೀಲಿಯನ್ನು ನೆಚ್ಚಿಕೊಂಡ ತಂತ್ರಾಂಶಗಳದು. ಅವು ಬದಲಾಗಲಿ.’ ಇದರಲ್ಲಿ ಅರ್ಧ ಒಪ್ಪುತ್ತೇನೆ. ಕನ್ನಡದ ಪ್ರತಿ ಬರವಣಿಗೆ ಉಪಕರಣವೂ ಯಾವ ಕೀಲಿಯಿಂದ ಭಾಷೆ ಬದಲಿಸಬೇಕೆಂಬ ಆಯ್ಕೆಯನ್ನು ಬಳಸುವವರಿಗೆ ಬಿಡಬೇಕು, ಅದನ್ನು ಮೊದಲ ಪುಟದಲ್ಲೇ ಕೇಳಬೇಕು. ಖಾಲಿ ಮನೆಯಲ್ಲಿ ಸೇರಿಕೊಂಡವರು ನಾಳೆ ಎಬ್ಬಿಸಿದರೆ ಎಲ್ಲಿಗೆ ಎಂದು ಯೋಚಿಸಬೇಕಿತ್ತು. ಆದರೆ ಇನ್ನರ್ಧ ಒಪ್ಪಲಾರೆ. ಬೇರೆ ಕೀಲಿ ಆರಿಸಿಕೊಳ್ಳಿ ಎನ್ನುವವರು ಯಾವುದನ್ನು ತೋರಿಸುತ್ತಾರೆ? ಎಫ್ ಸಾಲು ಶಬ್ದ ಬೆಳಕುಗಳ ಪಾಲು. ಪಾಸ್, ಇನ್ಸರ್ಟ್ ಹೋದವು. ಕಂಟ್ರೋಲ್, ಆಲ್ಟ್ ಜೋಡಿಗಳನ್ನೆಲ್ಲ ಒಂದಲ್ಲ ಒಂದು ಪ್ರೋಗ್ರಾಂ ಹಿಡಿದಿದೆ. ಎಲ್ಲಿ ಹೋದರೂ ನಾವು ಇನ್ನೊಬ್ಬರ ಜಗಲಿಯ ಮೇಲೆಯೇ ಕೂರಬೇಕು.

ನಾಲ್ಕನೆಯದು: ‘ಬಾಯಲ್ಲಿ ಹೇಳಿದರೆ ಫೋನೇ ಟೈಪ್ ಮಾಡುತ್ತದೆ.’ ಮಾಡುತ್ತದೆ, ಸಂದೇಶಗಳಿಗೆ ನಾನೂ ಬಳಸುತ್ತೇನೆ. ಕಾಕಾನ ತಾಯಿಯ ಹಾಡಿನ ಕನ್ನಡವನ್ನು ಅದಕ್ಕೆ ಹೇಳಿ ನೋಡಿದೆವು. ಅದು ಹಾಡನ್ನು ಪತ್ರಿಕೆಯ ಕನ್ನಡಕ್ಕೆ ತಿದ್ದಿ ಕೊಟ್ಟಿತು. ತಿದ್ದಬಾರದೆಂದೇ ಅವರು ಬರೆದಿಡುತ್ತಿರುವುದು.

ಕೊನೆಯದು ಜಾಗದ ವಾದ, ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು. ಪುಟ್ಟ ಯಂತ್ರ, ಜಾಗವೇ ಇಲ್ಲ. ಇದನ್ನು ನಾನು ಬಹಳ ಕಾಲ ನಂಬಿದ್ದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಹೊಸದೊಂದು ಕೀಲಿಯನ್ನು ಘೋಷಿಸಿತು: ಕೋಪೈಲಟ್, ತನ್ನ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಕರೆಯುವ ಕೀಲಿ. 1994ರಲ್ಲಿ ವಿಂಡೋಸ್ ಕೀಲಿ ಬಂದ ಮೇಲೆ ಇಂಥ ಬದಲಾವಣೆ ಆಗಿರಲಿಲ್ಲ. ಸ್ಪೇಸ್ ಬಾರಿನ ಬಲಕ್ಕೆ, ಅನೇಕ ಲ್ಯಾಪ್‌ಟಾಪುಗಳಲ್ಲಿ ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀಲಿಯನ್ನು ಎಬ್ಬಿಸಿ, ಅದನ್ನು ಕೂರಿಸಿದರು. ನಲವತ್ತು ವರ್ಷ ಬೆರಳು ಪಳಗಿದ ಕೀಲಿಗೆ ಜಾಗವಿರಲಿಲ್ಲ. ಇನ್ನೂ ಯಾರ ಬೆರಳೂ ಬಯಸದಿದ್ದ ಕೀಲಿಗೆ ಒಂದೇ ವರ್ಷದಲ್ಲಿ ಜಾಗ ಹುಟ್ಟಿತು. ಅಂದರೆ ಕೊರತೆ ಜಾಗದ್ದಲ್ಲ. ಆ ಜಾಗ ಯಾರದ್ದು ಎಂಬುದರದು.

ಇದರಲ್ಲೊಂದು ತಮಾಷೆಯೂ ಇದೆ. ಈ ಅತಿ ಹೊಸ ಕೀಲಿ ಒತ್ತಿದಾಗ ಅದು ಕಂಪ್ಯೂಟರಿಗೆ ಏನೆಂದು ಹೇಳುತ್ತದೆ? ಶಿಫ್ಟ್, ವಿಂಡೋಸ್, ಎಫ್23. ಹೌದು, ಇಪ್ಪತ್ತಮೂರು. ಎಫ್12ರ ಆಚೆಗೂ ಕೀಲಿಗಳಿದ್ದದ್ದು ಐಬಿಎಂನ ಹಳೆಯ ಟರ್ಮಿನಲ್‌ಗಳಲ್ಲಿ. ಅಲ್ಲಿ ಎಫ್24ರವರೆಗೂ ಹೋಗುತ್ತಿತ್ತು. ಆ ಯಂತ್ರಗಳು ಗುಜರಿ ಸೇರಿ ಕಾಲವಾಯಿತು, ಅವುಗಳ ಕೀಲಿಯ ಸಂಕೇತ ಮಾತ್ರ ಇನ್ನೂ ಮಾನ್ಯತೆಯಲ್ಲಿದೆ. ಭವಿಷ್ಯದ ಕೀಲಿ ಮುತ್ತಜ್ಜನ ಹೆಸರು ಹೇಳಿಕೊಂಡು ಒಳಗೆ ಬರುತ್ತದೆ. ದೊಡ್ಡವರಿಗೆ ಬೇಕಾದಾಗ ಹಳತು ಹೀಗೆ ಉಪಯೋಗಕ್ಕೆ ಬರುತ್ತದೆ. ನಾವು ಅದನ್ನೇ ಮಾಡಿದರೆ ನೆಚ್ಚಿಕೊಂಡದ್ದೇ ತಪ್ಪು.

ಕಿತ್ತ ಕೀಲಿ ಮರಳಿ ಬಂದದ್ದೂ ಉಂಟು. ಆಪಲ್ 2016ರಲ್ಲಿ ತನ್ನ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪಿನಿಂದ ಎಸ್ಕೇಪ್ ಕೀಲಿಯನ್ನೂ ಎಫ್ ಸಾಲನ್ನೂ ತೆಗೆದು ಅಲ್ಲಿ ಮುಟ್ಟುವ ಗಾಜಿನ ಪಟ್ಟಿಯೊಂದನ್ನು ಅಂಟಿಸಿತು. ಎಸ್ಕೇಪ್ ಒತ್ತದೆ ದಿನ ಕಳೆಯಲಾರದ ಪ್ರೋಗ್ರಾಮರುಗಳು ಗಲಾಟೆ ಎಬ್ಬಿಸಿದರು. 2019ರಲ್ಲಿ ನಿಜವಾದ ಎಸ್ಕೇಪ್ ಕೀಲಿ ಮರಳಿತು, 2021ರಲ್ಲಿ ಇಡೀ ಸಾಲೇ ಮರಳಿತು. ಎಸ್ಕೇಪ್ ಕೂಡ ಅರವತ್ತು ವರ್ಷದ ಹಿಂದಿನ ಕೀಲಿಯೇ. ಆದರೆ ಅದಕ್ಕಾಗಿ ಗಲಾಟೆ ಮಾಡಿದವರ ದನಿ ಕ್ಯಾಲಿಫೋರ್ನಿಯಾಕ್ಕೆ ಕೇಳಿಸುತ್ತಿತ್ತು. ಮಣಿನಗರದ ಕಾಕಾನ ದನಿ ಆ ಅಂಗಡಿಯ ಕೌಂಟರನ್ನೂ ದಾಟಲಿಲ್ಲ.

‘ಬಳಸುವವರು ಕಡಿಮೆ’ ಎಂಬ ಮಾತು ಈ ಮಣಿನಗರಕ್ಕೆ ಹೊಸದಲ್ಲ. 2020ರಲ್ಲಿ ಇಲ್ಲಿನ ತಮಿಳು ಮಾಧ್ಯಮ ಶಾಲೆಯನ್ನು ಮಕ್ಕಳ ಸಂಖ್ಯೆ ಇಳಿಯಿತೆಂಬ ಕಾರಣಕ್ಕೆ ಮುಚ್ಚಿದರು; ತಮಿಳುನಾಡಿನ ಮುಖ್ಯಮಂತ್ರಿ ಗುಜರಾತಿನ ಮುಖ್ಯಮಂತ್ರಿಗೆ ಪತ್ರ ಬರೆಯುವ ತನಕ ವಿಷಯ ಹೋಯಿತು. ಶಾಲೆಗೂ ಕೀಲಿಗೂ ಹೋಲಿಕೆಯಿಲ್ಲ, ನನಗೆ ಗೊತ್ತು. ತರ್ಕಕ್ಕೆ ಮಾತ್ರ ಹೋಲಿಕೆಯಿದೆ. ಕಡಿಮೆ ಜನ ಎಂದು ದಾರಿ ಕಿರಿದು ಮಾಡುತ್ತಾರೆ. ದಾರಿ ಕಿರಿದಾದದ್ದಕ್ಕೆ ಇನ್ನೂ ಕೆಲವರು ಬಿಡುತ್ತಾರೆ. ಆಮೇಲೆ ಹೊಸ ಎಣಿಕೆ ತೋರಿಸಿ, ‘ನಾವು ಹೇಳಲಿಲ್ಲವೇ?’ ಎನ್ನುತ್ತಾರೆ. ಕಾಕಾ ಬರೆಯುವುದನ್ನು ಬಿಟ್ಟ ದಿನ ಕನ್ನಡ ಟೈಪ್ ಮಾಡುವವರ ಲೆಕ್ಕದಲ್ಲಿ ಒಬ್ಬರು ಕಡಿಮೆಯಾದರು. ಯಾಕೆ ಕಡಿಮೆಯಾದರು ಎಂಬುದು ಯಾವ ಎಣಿಕೆಯಲ್ಲೂ ಬರುವುದಿಲ್ಲ.

ಹಾಗಾದರೆ ಬೇಕಾದ್ದೇನು? ಸ್ಕ್ರಾಲ್ ಲಾಕ್ ಎಂಬ ಹೆಸರನ್ನೇ ಅಪ್ಪಿಕೊಂಡು ಅಳುವ ಆಸೆ ನನಗಿಲ್ಲ. ಜಪಾನಿನ ಕೀಲಿಮಣೆ ನೋಡಿ. ಅಲ್ಲಿ ‘1’ರ ಎಡಕ್ಕೆ ಬರವಣಿಗೆಯ ಬಗೆ ಬದಲಿ ಮಾಡುವ ಕೀಲಿ, ಸ್ಪೇಸಿನ ಎರಡೂ ಬದಿಗೆ ಲಿಪಿ ಪರಿವರ್ತನೆಯ ಕೀಲಿಗಳು. ಅವಕ್ಕೆ ಜಾಗ ಕೊಡಲು ಸ್ಪೇಸ್ ಬಾರನ್ನೇ ಗಿಡ್ಡ ಮಾಡಿದ್ದಾರೆ. ಕೊರಿಯಾದಲ್ಲಿ ಸ್ಪೇಸಿನ ಬಲಕ್ಕೆ ಕೊರಿಯನ್-ಇಂಗ್ಲಿಷ್ ಕೀಲಿ. ಆ ದೇಶಗಳಿಗೆ ಲ್ಯಾಪ್‌ಟಾಪ್ ಮಾರುವ ಜಗತ್ತಿನ ಕಂಪನಿಗಳೇ ನಮಗೂ ಮಾರುತ್ತವೆ. ಅಲ್ಲಿಗೆ ಜಾಗ ಸಿಗುತ್ತದೆ, ಇಲ್ಲಿಗೆ ಸಿಗುವುದಿಲ್ಲ. ಯಾಕೆಂದರೆ ಅಲ್ಲಿ ಕೇಳಿದರು.

ನಾವು ಕೇಳಿದಾಗ ನಮಗೂ ಸಿಕ್ಕಿದೆ. 2010ರ ಜುಲೈಯಲ್ಲಿ ಕೇಂದ್ರ ಸರ್ಕಾರ ರೂಪಾಯಿಗೆ ಹೊಸ ಚಿಹ್ನೆ ಒಪ್ಪಿತು. ಅದೇ ವರ್ಷ ಅದು ಯೂನಿಕೋಡಿಗೆ ಸೇರಿತು. ಈಗ ಇಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳ ‘4’ರ ಕೀಲಿಯ ಮೇಲೆ ಅದರ ಅಚ್ಚಿದೆ. ದುಡ್ಡಿನ ಗುರುತಿಗೆ ಸಿಕ್ಕ ಮರ್ಯಾದೆಯನ್ನು ಭಾಷೆಗೂ ಕೇಳುವುದು ಅತಿಯಾಸೆಯಲ್ಲ. ಇಲ್ಲಿ ಮಾರುವ ಮೊಬೈಲುಗಳಲ್ಲಿ ಭಾರತೀಯ ಭಾಷೆಗಳನ್ನು ಓದಲು, ಬರೆಯಲು ಬರಲೇಬೇಕೆಂದು ಸರ್ಕಾರ 2016ರಲ್ಲಿ ನಿಯಮ ಹೊರಡಿಸಿತು. ಫೋನಿಗೆ ಸಾಧ್ಯವಾದದ್ದು ಲ್ಯಾಪ್‌ಟಾಪಿಗೆ ಯಾಕಾಗಬಾರದು?

ನನ್ನ ಬೇಡಿಕೆ ಮೂರು. ಒಂದು: ಭಾರತದಲ್ಲಿ ಮಾರುವ ಪ್ರತಿ ಲ್ಯಾಪ್‌ಟಾಪಿನಲ್ಲೂ ಭಾಷೆ ಬದಲಿಸಲೆಂದೇ ಒಂದು ಕೀಲಿ, ಅದರ ಮೇಲೊಂದು ಪುಟ್ಟ ದೀಪ. ಅದು ಕನ್ನಡಕ್ಕೆ ಮಾತ್ರವಲ್ಲ. ಗುಜರಾತಿಗೂ ತಮಿಳಿಗೂ ಬಾಂಗ್ಲಾಕ್ಕೂ ಅದೇ ಕೀಲಿ. ಎರಡು: ಕ್ಯಾಪ್ಸ್ ಲಾಕ್, ಕೋಪೈಲಟ್ ಸೇರಿ ಯಾವ ಕೀಲಿಯನ್ನಾದರೂ ಬೇರೆ ಯಾವ ಕೆಲಸಕ್ಕಾದರೂ ಹಚ್ಚುವ ಹಕ್ಕು ಕೊಂಡವರದು, ಅದು ಯಂತ್ರದ ಮೊದಲ ಸೆಟ್ಟಿಂಗಿನಲ್ಲೇ ಕಣ್ಣಿಗೆ ಕಾಣುವಂತಿರಬೇಕು. ಮೂರು: ಹೊಸ ಕೀಲಿ ತುರುಕುವ ಮೊದಲು, ಹಳೆಯದನ್ನು ಕೀಳುವ ಮೊದಲು, ಇಲ್ಲಿ ಬರೆಯುವವರನ್ನು, ಲೆಕ್ಕ ಇಡುವವರನ್ನು ಕೇಳಬೇಕು. ಕರ್ನಾಟಕ ಸರ್ಕಾರ ವರ್ಷವೂ ತನ್ನ ಕಚೇರಿಗಳಿಗೆ ಕಂಪ್ಯೂಟರ್ ಕೊಳ್ಳುತ್ತದೆ. ಅದರ ಟೆಂಡರಿನಲ್ಲಿ ಈ ಒಂದು ಸಾಲು ಸೇರಿಸಿದರೆ ಸಾಕು, ಜಾಗ ತಾನಾಗಿ ಹುಟ್ಟುತ್ತದೆ.

ಅಲ್ಲಿಯವರೆಗೆ? ಕಾಕಾನ ಲ್ಯಾಪ್‌ಟಾಪಿಗೆ ನಾವು ಮಾಡಿದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೈಕ್ರೋಸಾಫ್ಟಿನದೇ ಆದ ಪವರ್‌ಟಾಯ್ಸ್ ಎಂಬ ಉಚಿತ ಉಪಕರಣವಿದೆ. ಅದರ ಕೀಬೋರ್ಡ್ ಮ್ಯಾನೇಜರಿನಲ್ಲಿ ಒಂದು ಕೀಲಿಯನ್ನು ಇನ್ನೊಂದಾಗಿ ಬದಲಿಸಬಹುದು. ಕ್ಯಾಪ್ಸ್ ಲಾಕ್ ಒತ್ತಿದರೆ ಸ್ಕ್ರಾಲ್ ಲಾಕ್ ಎಂದು ತಿಳಿ ಅಂತ ಅದಕ್ಕೆ ಹೇಳಿದೆವು. ಹತ್ತು ನಿಮಿಷದ ಕೆಲಸ. ಆದರೆ ಅದು ಗೊತ್ತಿರುವವನೊಬ್ಬ ಅದೇ ಸೊಸೈಟಿಯಲ್ಲಿರಬೇಕು, ಮತ್ತು ಯಂತ್ರ ನಮ್ಮದಾಗಿರಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಇಂಥದ್ದನ್ನು ಹಾಕಲು ಬಿಡುವುದಿಲ್ಲ. ಗೊತ್ತಾಗುವ ತನಕ ಕಾಕಾ ಎರಡು ತಿಂಗಳು ಒಂದು ಸಾಲೂ ಬರೆದಿರಲಿಲ್ಲ. ಎಪ್ಪತ್ತಾರರ ನೆನಪಿನಲ್ಲಿ ಎರಡು ತಿಂಗಳು ಸಣ್ಣದಲ್ಲ. ನಡುವೆ ಎರಡು ಹಾಡು ಹೋದವು ಎನ್ನುತ್ತಾರೆ. ಯಾವುವೆಂದು ಹೇಳಲು ಅವರಿಗೇ ಆಗುವುದಿಲ್ಲ.

ಕ್ಯಾಪ್ಸ್ ಲಾಕಿನ ಮೇಲೆ ಈಗ ಬಿಳಿ ಕಾಗದದ ಚೂರೊಂದು ಅಂಟಿದೆ, ಅದರ ಮೇಲೆ ಕಾಕಾನ ಕೈಬರಹದ ‘ಕ’. ದೀಪ ಮಾತ್ರ ಹತ್ತುವುದಿಲ್ಲ.

ನೀವು ಮುಂದಿನ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ, ಬೆಂಗಳೂರಿರಲಿ, ದೆಹಲಿ, ಸೂರತ್ ಇರಲಿ, ದರ ವಿಚಾರಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದರಲ್ಲಿ ನನ್ನ ಭಾಷೆಯ ಬಟನ್ ಎಲ್ಲಿದೆ? ಅಂಗಡಿಯವನು ನಗಬಹುದು, ನಗಲಿ. ಯಾರೂ ಕೇಳುವುದಿಲ್ಲ ಎಂದು ಅವನು ಇನ್ನು ಹೇಳುವ ಹಾಗಿಲ್ಲ.